ಮೂರಡಿ ಹಸುವಿನ ಲೆಕ್ಕಾಚಾರ

ಮಲೆನಾಡಿನ ಬಸ್ಸುಗಳಲ್ಲಿ ಓಡಾಡಿದವರಿಗೆಲ್ಲ ಇವುಗಳ ಪರಿಚಯ ಉಂಟು. ತಿರುವಿನಲ್ಲಿ ಬಸ್ಸು ಗಕ್ಕನೆ ನಿಲ್ಲುತ್ತದೆ. ನಡುರಸ್ತೆಯಲ್ಲಿ ನಾಲ್ಕಾರು ಪುಟ್ಟ ದನಗಳು ಮೆಲುಕು ಹಾಕುತ್ತ ಮಲಗಿರುತ್ತವೆ. ಪೇಟೆಯಿಂದ ಬಂದ ಮಕ್ಕಳು ಇವನ್ನು ಕರುಗಳೆಂದೇ ತಿಳಿಯುತ್ತಾರೆ. ಆದರೆ ಇವು ಎರಡು ಮೂರು ಸೂಲು ಕಂಡ ಹಸುಗಳು! ಎತ್ತರ ಸುಮಾರು ಮೂರಡಿ, ತೂಕ ನೂರು ಕಿಲೋ ಆಸುಪಾಸು. ಹೆಸರು ಮಲೆನಾಡು ಗಿಡ್ಡ. ಕರಾವಳಿಯ ಜನ ಇವನ್ನು ಊರ ದನ ಎಂದೂ ಕರೆಯುತ್ತಾರೆ.

ಬಹುಕಾಲ ಇವು ಯಾವ ತಳಿಯ ಪಟ್ಟಿಯಲ್ಲೂ ಇರಲಿಲ್ಲ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಮಲೆನಾಡು ಗಿಡ್ಡಕ್ಕೆ ಪ್ರತ್ಯೇಕ ತಳಿಯ ಮಾನ್ಯತೆ ಕೊಟ್ಟದ್ದು 2012ರಲ್ಲಿ. ಇದೇ ಸಾಲಿಗೆ ಸೇರುವ ಪುಟ್ಟ ತಳಿಗಳು ನೆರೆ ರಾಜ್ಯಗಳಲ್ಲೂ ಇವೆ. ಕೇರಳದ ವೆಚ್ಚೂರು, ಆಂಧ್ರದ ಪುಂಗನೂರು, ನಮ್ಮ ಗಡಿಗೇ ತಾಗಿದ ಕಾಸರಗೋಡಿನ ಗಿಡ್ಡ.

ಇತ್ತೀಚೆಗೆ ಈ ಪುಟ್ಟ ಹಸುಗಳಿಗೆ ಇದ್ದಕ್ಕಿದ್ದಂತೆ ಬೇಡಿಕೆ ಬಂದಿದೆ. ನಗರ ಬಿಟ್ಟು ಹಳ್ಳಿಗೆ ಮರಳಿದವರು, ಎಕರೆ ಅರ್ಧ ಎಕರೆ ತೋಟ ಮಾಡಿಕೊಂಡವರು ಒಂದು ಗಿಡ್ಡ ಹಸು ಬೇಕೆಂದು ಹುಡುಕುತ್ತಿದ್ದಾರೆ. ಸಂತೋಷದ ಸಂಗತಿಯೇ. ಆದರೆ ಕಟ್ಟುವ ಮುನ್ನ ಸ್ವಲ್ಪ ಲೆಕ್ಕ ಹಾಕುವುದು ಒಳ್ಳೆಯದು.

ಹಾಲಿನ ಲೆಕ್ಕ, ಮೇವಿನ ಲೆಕ್ಕ

ಮೊದಲು ಹಾಲು. ಗಿಡ್ಡ ಹಸು ದಿನಕ್ಕೆ ಕೊಡುವುದು ಒಂದೆರಡು ಲೀಟರ್, ಚೆನ್ನಾಗಿ ಹಿಂಡಿದರೆ ಮೂರು. ಮಿಶ್ರತಳಿಯ ಹಸು ಹತ್ತು ಹನ್ನೆರಡು ಲೀಟರ್ ಕೊಡುತ್ತದೆ. ಡೇರಿಯ ಕ್ಯಾನಿನಲ್ಲಿ ಅಳೆದರೆ ಗಿಡ್ಡ ಸೋತಂತೆಯೇ. ಹಾಲು ಮಾರಿ ಸಂಸಾರ ನಡೆಸಬೇಕೆನ್ನುವವರು ಇದನ್ನು ನೆಚ್ಚಿಕೊಳ್ಳುವಂತಿಲ್ಲ.

ಈಗ ಮೇವಿನ ಕಡೆ ನೋಡಿ. ಹಸುವಿಗೆ ಅದರ ತೂಕದ ಶೇಕಡ ಎರಡೂವರೆಯಿಂದ ಮೂರರಷ್ಟು ಒಣಪದಾರ್ಥ ದಿನವೂ ಬೇಕು. 400 ಕಿಲೋ ತೂಗುವ ಮಿಶ್ರತಳಿಗೆ ಇದು 10ರಿಂದ 12 ಕಿಲೋ. 110 ಕಿಲೋ ತೂಗುವ ಗಿಡ್ಡಕ್ಕೆ ಮೂರು ಕಿಲೋ ಸಾಕು. ಅಂದರೆ ಎಂಟು ಕಿಲೋ ಹಸಿಹುಲ್ಲು, ಒಂದೂವರೆ ಕಿಲೋ ಒಣಹುಲ್ಲು. ತೋಟದ ಕಳೆಹುಲ್ಲು, ಬಾಳೆಯ ದಿಂಡು, ಹಲಸಿನ ತೊಳೆ, ಅಡುಗೆಮನೆಯ ಅಕ್ಕಚ್ಚು ಇವುಗಳಲ್ಲೇ ಬಹುಪಾಲು ಮುಗಿಯುತ್ತದೆ. ಪೇಟೆಯಿಂದ ಹಿಂಡಿಯ ಚೀಲ ಹೊತ್ತು ತರಬೇಕಾದ ಮನೆಗೂ ತರಬೇಕಿಲ್ಲದ ಮನೆಗೂ ಎಷ್ಟು ವ್ಯತ್ಯಾಸವೆಂಬುದು ಹಸು ಸಾಕಿದವರಿಗೆ ಗೊತ್ತು.

ಗೊಬ್ಬರವನ್ನು ಮರೆಯುವಂತಿಲ್ಲ. ಕೊಟ್ಟಿಗೆಗೆ ದರಕು ಅಥವಾ ಹಸಿಸೊಪ್ಪು ಹಾಸಿ, ಸಗಣಿ ಗಂಜಲ ಸೇರಿದ ಮೇಲೆ ಗುಂಡಿಗೆ ತುಂಬಿ, ಕಳಿತ ಬಳಿಕ ಅಡಿಕೆ ತೋಟಕ್ಕೆ ಹಾಕುವುದು ಮಲೆನಾಡಿನ ಹಳೆಯ ಕ್ರಮ. ಅನೇಕ ಮನೆಗಳಲ್ಲಿ ದನ ಕಟ್ಟುತ್ತಿದ್ದುದು ಹಾಲಿಗಿಂತ ಗೊಬ್ಬರಕ್ಕೇ. ಸಣ್ಣ ತೋಟಕ್ಕೆ ಎರಡು ಗಿಡ್ಡ ಹಸುಗಳು ಹೊಂದುವುದು ಈ ಕಾರಣಕ್ಕೆ.

ಚಿಕ್ಕದಾಗಿರುವುದೇ ಅನುಕೂಲ

ಪ್ರಾಣಿ ಚಿಕ್ಕದಾದರೆ ಏನು ಲಾಭ? ಶಾಲೆಯ ಗಣಿತವೇ ಇದಕ್ಕೆ ಉತ್ತರ ಕೊಡುತ್ತದೆ. ಎರಡಡಿ ಬದಿಯ ಘನವೊಂದನ್ನು ಊಹಿಸಿಕೊಳ್ಳಿ. ಅದರ ಮೇಲ್ಮೈ 24 ಚದರಡಿ, ಗಾತ್ರ 8 ಘನಅಡಿ. ಬದಿಯನ್ನು ಒಂದಡಿಗೆ ಇಳಿಸಿದರೆ ಮೇಲ್ಮೈ 6, ಗಾತ್ರ 1. ಮೊದಲನೆಯದರಲ್ಲಿ ಪ್ರತಿ ಘನಅಡಿಗೆ ಮೂರು ಚದರಡಿ ಮೇಲ್ಮೈ ಇದ್ದರೆ, ಎರಡನೆಯದರಲ್ಲಿ ಆರು. ದೇಹ ಶಾಖವನ್ನು ಹೊರಹಾಕುವುದು ಚರ್ಮದ ಮೂಲಕ. ಚಿಕ್ಕ ದೇಹಕ್ಕೆ ಅದರ ತೂಕಕ್ಕೆ ಹೋಲಿಸಿದರೆ ಚರ್ಮ ಹೆಚ್ಚು. ಹಾಗಾಗಿ ಕರಾವಳಿಯ ಸೆಕೆಯನ್ನು ತಾಳಿಕೊಳ್ಳುವುದು ಅದಕ್ಕೆ ಸುಲಭ. ಹಗುರ ಮೈಯ ಈ ದನಗಳು ಗುಡ್ಡ ಹತ್ತುವುದರಲ್ಲೂ ಜಾಣರು. ಬೇಲಿ ಹಾರುವುದರಲ್ಲೂ ಅಷ್ಟೇ ಜಾಣರು ಎಂಬುದನ್ನು ತರಕಾರಿ ಬೆಳೆಯುವವರು ನೆನಪಿಡಬೇಕು!

ಮನೆಯ ಮಕ್ಕಳು ಹಸುವಿನ ತೂಕವನ್ನು ತಕ್ಕಡಿಯಿಲ್ಲದೆ ಕಂಡುಹಿಡಿಯಬಹುದು. ಟೇಪು ಹಿಡಿದು ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗಿನ ಉದ್ದವನ್ನೂ ಇಂಚುಗಳಲ್ಲಿ ಅಳೆಯಿರಿ. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 300ರಿಂದ ಭಾಗಿಸಿದರೆ ತೂಕ ಪೌಂಡುಗಳಲ್ಲಿ ಸಿಗುತ್ತದೆ. ಸುತ್ತಳತೆ 46, ಉದ್ದ 34 ಇಂಚು ಇದ್ದರೆ ಸುಮಾರು 240 ಪೌಂಡು, ಅಂದರೆ 109 ಕಿಲೋ. ಇದು ಅಂದಾಜು ಮಾತ್ರ. ಆದರೆ ಪ್ರತಿ ತಿಂಗಳೂ ಬರೆದಿಟ್ಟರೆ ಕರು ಸರಿಯಾಗಿ ಬೆಳೆಯುತ್ತಿದೆಯೇ ಎಂಬುದು ತಿಳಿಯುತ್ತದೆ.

ಆರೈಕೆಯ ನಾಲ್ಕು ಮಾತು

ಗಟ್ಟಿ ತಳಿ, ರೋಗವೇ ಬಾರದು ಎಂಬ ನಂಬಿಕೆ ಬೇಡ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ನಾಡಹಸುಗಳೂ ನರಳಿದವು. ಕಾಲುಬಾಯಿ ಜ್ವರದ ಲಸಿಕೆಯನ್ನು ವರ್ಷಕ್ಕೆ ಎರಡು ಸಲ ಹಾಕಿಸಲೇಬೇಕು. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಯಬೇಕು. ಅದರ ರೋಗನಿರೋಧಕ ಶಕ್ತಿಗೆ ಅದೇ ಮೊದಲ ಆಧಾರ. ಕರು ಮುಂದಿಲ್ಲದೆ ಇವುಗಳಲ್ಲಿ ಅನೇಕವು ಸೊರಬಿಡುವುದಿಲ್ಲ. ಹಾಗಾಗಿ ಕರುವಿನ ಪಾಲನ್ನು ಬಿಟ್ಟೇ ನಿಮ್ಮ ಪಾಲನ್ನು ಲೆಕ್ಕ ಹಾಕಿ.

ಕಾಡಂಚಿನಲ್ಲಿ ಮೇಯುವ ದನಗಳ ಮೈಮೇಲೆ ಉಣುಗು ಬರುತ್ತದೆ. ಮಂಗನ ಕಾಯಿಲೆ ಮೊದಲು ಗುರುತಿಸಲ್ಪಟ್ಟದ್ದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದೂ ಉಣುಗುಗಳೇ. ಆ ಭಾಗದವರು ಪಶುವೈದ್ಯರನ್ನು ಕೇಳಿ ಉಣುಗು ನಿವಾರಣೆ ಮಾಡಿಸುವುದು ದನಕ್ಕೂ ಮನೆಯವರಿಗೂ ಕ್ಷೇಮ.

ಹೋರಿ ಎಲ್ಲಿ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಎಲ್ಲರೂ ಹಸುವನ್ನು ಹುಡುಕುತ್ತಾರೆ, ಹೋರಿಯನ್ನು ಯಾರೂ ಕೇಳುವುದಿಲ್ಲ. ಹಿಂದೆ ಗೋಮಾಳದಲ್ಲಿ ಹಿಂಡು ಮೇಯುವಾಗ ಹೋರಿಯೂ ಜೊತೆಗಿರುತ್ತಿತ್ತು. ಗೋಮಾಳಗಳು ಕಿರಿದಾದವು, ತೋಟಗಳಿಗೆ ಬೇಲಿ ಬಂತು, ಉಳುಮೆಗೆ ಟಿಲ್ಲರ್ ಬಂತು. ಗಂಡು ಕರು ಮನೆಗೆ ಭಾರವಾಯಿತು. ಗಿಡ್ಡ ಹಸುವಿಗೆ ಜೆರ್ಸಿಯ ವೀರ್ಯ ಕೊಡಿಸಿದರೆ ಕರು ದೊಡ್ಡದಾಗಿ ಹೆರಿಗೆ ಕಷ್ಟವಾಗುವ ಭಯ ಒಂದು ಕಡೆ, ಎರಡು ಮೂರು ತಲೆಮಾರಿಗೆ ತಳಿಯೇ ಕಾಣದಾಗುವ ಭಯ ಇನ್ನೊಂದು ಕಡೆ.

ಇದು ಬರೀ ಊಹೆಯಲ್ಲ. ಕೇರಳದಲ್ಲಿ ಜಾನುವಾರು ಸುಧಾರಣೆಗೆಂದು 1961ರಲ್ಲಿ ಬಂದ ಕಾಯ್ದೆ ಪರವಾನಗಿ ಇಲ್ಲದ ಹೋರಿಗಳಿಗೆ ತಡೆ ಹಾಕಿತು. ಮಿಶ್ರತಳಿಯ ಹಾಲು ಹೆಚ್ಚಿತು, ವೆಚ್ಚೂರು ಹಸು ಅಳಿವಿನ ಅಂಚಿಗೆ ಬಂತು. 1989ರ ಹೊತ್ತಿಗೆ ಮಣ್ಣುತ್ತಿಯ ಪಶುವೈದ್ಯ ಕಾಲೇಜಿನ ಪ್ರಾಧ್ಯಾಪಕಿ ಸೋಸಮ್ಮ ಐಪ್ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಊರೂರು ಅಲೆದು, ಉಳಿದಿದ್ದ ಕೆಲವೇ ದನಗಳನ್ನು ಕೂಡಿಸಿ ತಳಿಯನ್ನು ಉಳಿಸಿದರು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಆ ಕೆಲಸದಲ್ಲಿ ಕಾಲೇಜು ಹುಡುಗ ಹುಡುಗಿಯರ ಪಾಲಿತ್ತೆಂಬುದು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದ ಮಾತು.

ನಾಲ್ಕಾರು ಮನೆಯವರು ಸೇರಿ ಒಂದು ಒಳ್ಳೆಯ ಗಿಡ್ಡ ಹೋರಿಯನ್ನು ಸಾಕಬಹುದು. ಅದರದೇ ಹೆಣ್ಣು ಕರುಗಳು ಬೆದೆಗೆ ಬರುವ ಮೊದಲು ಬೇರೆ ಊರಿನ ಹೋರಿಯೊಂದಿಗೆ ಬದಲಾಯಿಸಿಕೊಳ್ಳಬೇಕು. ಇಲ್ಲವಾದರೆ ರಕ್ತಸಂಬಂಧದಲ್ಲೇ ಸಂತಾನ ಬೆಳೆದು ತಳಿ ಬಡಕಲಾಗುತ್ತದೆ. ಯಾವ ಹಸುವಿಗೆ ಯಾವ ಹೋರಿ, ಯಾವ ದಿನ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಕೆಲಸವನ್ನು ಮನೆಯ ಹೈಸ್ಕೂಲು ವಿದ್ಯಾರ್ಥಿಗೆ ವಹಿಸಿ.

ತಂದೆತಾಯಿಯರಿಗೆ ಒಂದು ಕಿವಿಮಾತು. ಅಂಗಳಕ್ಕೆ ಶೋಭೆ ಎಂದೋ, ಹಾಲು ಔಷಧಿ ಎಂದೋ ದುಬಾರಿ ಬೆಲೆ ತೆತ್ತು ಒಂಟಿ ಹಸುವನ್ನು ತರಬೇಡಿ. ದಿನವೂ ಎರಡು ಹೊತ್ತು ಹುಲ್ಲು ನೀರು ಕೊಡುವವರು ಮನೆಯಲ್ಲಿದ್ದಾರೆಯೇ, ನಡೆದು ಹೋಗುವಷ್ಟು ದೂರದಲ್ಲಿ ಅದೇ ತಳಿಯ ಹೋರಿ ಇದೆಯೇ ಎಂದು ಮೊದಲು ವಿಚಾರಿಸಿ. ಎರಡಕ್ಕೂ ಹೌದೆಂಬ ಉತ್ತರ ಬಂದರೆ ಮೂರಡಿಯ ಹಸುವನ್ನು ಧೈರ್ಯವಾಗಿ ಕಟ್ಟಿ.