ಮುದಿ ಮೊಲ ಮೇವು ಬಿಟ್ಟಾಗ

ದನ ಒಂದು ಹೊತ್ತು ಮೇವು ಬಿಟ್ಟರೆ ನಾವು ಮರುದಿನದವರೆಗೆ ಕಾದು ನೋಡುವುದುಂಟು. ಮಕ್ಕಳು ಸಾಕಿದ ಮೊಲದ ವಿಷಯದಲ್ಲಿ ಹಾಗೆ ಕಾಯುವಂತಿಲ್ಲ. ಮೊಲದ ಕರುಳು ಸದಾ ಚಲಿಸುತ್ತಿರಬೇಕು. ನಾರಿನ ಮೇವು ನಿಂತರೆ ಕರುಳು ನಿಧಾನವಾಗಿ, ವಾಯು ತುಂಬಿ ನೋವಾಗುತ್ತದೆ; ನೋವಿನಿಂದ ಹಸಿವು ಮತ್ತಷ್ಟು ಅಡಗುತ್ತದೆ. 12 ಗಂಟೆ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಇದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು.

6-7 ವರ್ಷ ದಾಟಿದ ಮೊಲವಾದರೆ ಮೊದಲು ಹಲ್ಲನ್ನೇ ಶಂಕಿಸುವುದು ಒಳ್ಳೆಯದು. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತದೆ. ಸವೆತ ಸಮನಾಗಿರದಿದ್ದರೆ ದವಡೆಹಲ್ಲಿನ ಮೊನೆ ನಾಲಗೆಗೆ, ಕೆನ್ನೆಗೆ ಚುಚ್ಚುತ್ತದೆ. ಮೇವಿನ ಬಳಿ ಬಂದು, ಮೂಸಿ, ಹಿಂದೆ ಸರಿಯುವ ಮೊಲಕ್ಕೆ ಹಸಿವಿಲ್ಲವೆಂದಲ್ಲ, ಬಾಯಿ ನೋಯುತ್ತಿರಬಹುದು.

ವೈದ್ಯರು ಹೊಟ್ಟೆ ನೋಡಿ ಅಡ್ಡಿಯಿಲ್ಲವೆಂದ ಬಳಿಕ ಮೇವಿನ ಆಸೆ ಹುಟ್ಟಿಸಬೇಕು. ಗರಿಕೆ, ಕೊತ್ತಂಬರಿ, ತುಳಸಿಯಂಥ ಪರಿಮಳದ ಸೊಪ್ಪನ್ನು ಮೂಗಿನ ಹತ್ತಿರ ಹಿಡಿಯಿರಿ. (ಬಿಸ್ಕತ್ತಿನ ಆಸೆ ತೋರಿಸುವುದು ನಮಗೆ ಸರಿಕಾಣದು.) ಆಗಲೂ ತಿನ್ನದಿದ್ದರೆ ಮೊಲದ ಗುಳಿಗೆ ಮೇವನ್ನು ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ನುಣ್ಣಗೆ ಕಲಸಿ, ಸೂಜಿ ತೆಗೆದ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ಅರ್ಧ ಮಿಲಿಲೀಟರಿನಷ್ಟೇ ಕೊಡಬೇಕು, ನುಂಗಿದ ಮೇಲೆ ಮುಂದಿನದು. ಅಂಗಾತ ಮಲಗಿಸಿ ಹಾಕಿದರೆ ಶ್ವಾಸಕೋಶಕ್ಕೆ ಹೋದೀತು. ಹೊಟ್ಟೆ ತಮಟೆಯಂತೆ ಬಿಗಿದಿದ್ದರೆ ಒತ್ತಾಯದಿಂದ ಏನನ್ನೂ ತಿನ್ನಿಸಕೂಡದು.

ಪುತ್ತೂರು, ಸುಳ್ಯ, ಕಡಬದ ನಮ್ಮಂಥ ಕೃಷಿಕರಿಗೆ ಇನ್ನೆರಡು ಮಾತು. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಿದ ಅಡಿಕೆ ತೋಟದ ಹುಲ್ಲು ಬೇಡ. ಮೈಲುತುತ್ತು ಅದರ ಮೇಲೂ ಬಿದ್ದಿರುತ್ತದೆ. ದನಕ್ಕೆ ತಂದು ಉಳಿದ ಔಷಧವೂ ಬೇಡ. ಬಾಯಿಯ ಮೂಲಕ ಕೊಟ್ಟ ಪೆನಿಸಿಲಿನ್ ಜಾತಿಯ ಮದ್ದು ಮೊಲದ ಕರುಳಿನ ಉಪಯುಕ್ತ ಜೀವಾಣುಗಳನ್ನು ಕೊಂದು ಪ್ರಾಣಕ್ಕೇ ಎರವಾದೀತು.