ಬ್ಯಾಟರಿ ತುಂಬಿದ್ದರೆ ಆ ಕರೆಂಟ್ ಎಲ್ಲಿಗೆ ಹೋಗುತ್ತದೆ?

ಬೋಧನಾಭ್ಯಾಸಕ್ಕಾಗಿ ಬಸವಕಲ್ಯಾಣದಿಂದ ಹುಮನಾಬಾದಿನ ಪ್ರೌಢಶಾಲೆಯೊಂದಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಅಂದು 9ನೇ ತರಗತಿಗೆ ಶಕ್ತಿ ಸಂರಕ್ಷಣಾ ನಿಯಮದ ಪಾಠ. ಎಲೆಕ್ಟ್ರಿಕ್ ಸ್ಕೂಟರಿನ ಉದಾಹರಣೆ ಕೊಟ್ಟು, ವೇಗ ತಗ್ಗಿಸುವಾಗ ಮೋಟಾರೇ ಜನರೇಟರ್ ಆಗಿ ಬ್ಯಾಟರಿಗೆ ಚಾರ್ಜ್ ತುಂಬುತ್ತದೆ ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: “ಬ್ಯಾಟರಿ ಫುಲ್ ಇದ್ರ ಆ ಕರೆಂಟ್ ಎಲ್ಲಿ ಹೋಗ್ತದ್ರಿ ಸರ್?” ಹಾರಿಕೆಯ ಉತ್ತರ ಕೊಟ್ಟು ಮುಂದೆ ಸಾಗಿದೆ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಆ ಪ್ರಶ್ನೆಯನ್ನಷ್ಟೇ ಬರೆದು ಗೆರೆ ಎಳೆದಿದ್ದರು.

ಲೆಕ್ಕ ಹಾಕಿ ನೋಡಿದೆ. ಸವಾರನೂ ಸೇರಿ 150 ಕೆ.ಜಿ. ತೂಗುವ ಸ್ಕೂಟರ್ ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ 7,500 ಜೂಲ್. ಸ್ಕೂಟರ್ ನಿಲ್ಲಬೇಕಾದರೆ ಇಷ್ಟೂ ಎಲ್ಲಿಗಾದರೂ ಹೋಗಲೇಬೇಕು. ನಾನು ಬರುವ ಡೀಸೆಲ್ ಬಸ್ಸಿನಲ್ಲಿ ಅದು ಬ್ರೇಕಿನ ಬಿಸಿಯಾಗುತ್ತದೆ. ಮೋಟಾರು ಮರಳಿ ಹುಟ್ಟಿಸಿದ ವಿದ್ಯುತ್ತಿಗಾದರೆ ಮುಖ್ಯವಾಗಿ ಮೂರು ದಾರಿಗಳಿವೆ.

ಒಂದು, ಬ್ಯಾಟರಿಯಲ್ಲಿ ಕೂಡಿಡುವುದು.

ಎರಡು, ಬೇಕಾದವರಿಗೆ ಕೊಡುವುದು. ಬೆಂಗಳೂರಿನ ನಮ್ಮ ಮೆಟ್ರೊ 750 ವೋಲ್ಟ್ ನೇರ ವಿದ್ಯುತ್ತಿನ ಮೂರನೇ ಹಳಿಯಿಂದ ಓಡುತ್ತದೆ. ಒಂದು ರೈಲು ನಿಲ್ಲುವಾಗ ಹುಟ್ಟಿದ ವಿದ್ಯುತ್ತನ್ನು ಅದೇ ಹಳಿಯ ಮೂಲಕ ಸಮೀಪದಲ್ಲಿ ಹೊರಡುತ್ತಿರುವ ಇನ್ನೊಂದು ರೈಲು ಬಳಸಬಲ್ಲದು.

ಮೂರು, ರೋಧಕದಲ್ಲಿ ಶಾಖವಾಗಿಸುವುದು. ಕಾರ್ಖಾನೆಯ ಕ್ರೇನ್ ಭಾರ ಇಳಿಸುವಾಗ ಮೋಟಾರಿನಿಂದ ಬಂದ ವಿದ್ಯುತ್ತಿಗೆ ದಾರಿ ಸಿಗದಿದ್ದರೆ ನಿಯಂತ್ರಕದೊಳಗೆ ವೋಲ್ಟೇಜ್ ಏರಿ ಯಂತ್ರವೇ ನಿಂತುಬಿಡಬಹುದು. ಅದಕ್ಕಾಗಿಯೇ ಬ್ರೇಕ್ ರೋಧಕ ಜೋಡಿಸುತ್ತಾರೆ.

ಸ್ಕೂಟರಿನ ಬ್ಯಾಟರಿ ತುಂಬಿದ್ದರೆ ನಿಯಂತ್ರಕವು ಮೋಟಾರಿನ ಬ್ರೇಕನ್ನು ತಗ್ಗಿಸುತ್ತದೆ ಇಲ್ಲವೇ ನಿಲ್ಲಿಸುತ್ತದೆ. ಆಗ ಸಾಮಾನ್ಯ ಬ್ರೇಕೇ ಕೆಲಸ ಮಾಡಬೇಕು. ಹುಡುಗಿಯ ಪ್ರಶ್ನೆಗೆ ಉತ್ತರ ಇದು.

ಮರುದಿನ ಆಟಿಕೆಯ ಡಿ.ಸಿ. ಮೋಟಾರು ಒಯ್ದೆ. ಅದರ ದಂಡಕ್ಕೆ ದಾರ ಸುತ್ತಿ, ತುದಿಗೆ ಕಬ್ಬಿಣದ ನಟ್ಟುಗಳನ್ನು ಕಟ್ಟಿ ಬಿಟ್ಟಾಗ ಸರ್ರನೆ ಇಳಿದವು. “ಎರಡೂ ತಂತಿ ಕೂಡಿಸಿದರೆ?” ಎಂದು ಕೇಳಿದೆ. “ಇನ್ನೂ ಜೋರಾಗಿ” ಎಂದರು ಬಹಳ ಮಂದಿ. ಕೂಡಿಸಿ ಬಿಟ್ಟೆ, ನಟ್ಟುಗಳು ನಿಧಾನವಾಗಿ ಇಳಿದವು. ತಂತಿ ಕೂಡಿದಾಗ ಸುರುಳಿಯಲ್ಲಿ ಹರಿದ ವಿದ್ಯುತ್ತೇ ಮೋಟಾರನ್ನು ತಡೆದಿತ್ತು. ಆ ಶಕ್ತಿ ಸುರುಳಿಯಲ್ಲಿ ಶಾಖವಾಗಿತ್ತು, ಆದರೆ ಕೈಗೆ ತಿಳಿಯದಷ್ಟು ಅಲ್ಪ. ಇದನ್ನೂ ಮಕ್ಕಳಿಗೆ ಹೇಳಿದೆ.

ಶಕ್ತಿಯ ಪಾಠದ ಯೋಜನೆಯಲ್ಲಿ “ಯಾವುದು ಯಾವುದಾಗಿ ಬದಲಾಯಿತು?” ಎಂಬ ಪ್ರಶ್ನೆ ನಮಗೆಲ್ಲ ರೂಢಿ. ಅದರ ಕೆಳಗೆ ಈಗ ಇನ್ನೊಂದನ್ನು ಬರೆದುಕೊಳ್ಳುತ್ತೇನೆ: “ತೆಗೆದುಕೊಳ್ಳುವವರು ಇಲ್ಲದಿದ್ದರೆ?”