ಹಿತ್ತಲ ಗಿಡಗಳ ನಡುವೆ ಧನುರ್ವಾಯು

ಹಿತ್ತಲ ತೋಟದ ಹುಚ್ಚು ವಯಸ್ಸಾದರೂ ಇಳಿಯುವುದಿಲ್ಲ, ತೋಟ ಮಾತ್ರ ಬದಲಾಗುತ್ತದೆ. ಮದುವೆಯಾದ ಹೊಸತರಲ್ಲಿ ಮಲ್ಲಿಗೆ, ಕನಕಾಂಬರ. ಮಕ್ಕಳು ಬೆಳೆಯುವಾಗ ಬಸಳೆ, ತೊಂಡೆ ಚಪ್ಪರ. ಮಂಡಿ ನೋಯತೊಡಗಿದ ಮೇಲೆ ಕುಂಡಗಳಲ್ಲಿ ಗುಲಾಬಿ, ದೊಡ್ಡಪತ್ರೆ. ಇಂಥ ಅಜ್ಜಿಯರಿಗೆ ತೋಟ ಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ಕೇಳುವವರಲ್ಲ!

ಕೇಳುವುದೊಂದೇ: ಧನುರ್ವಾಯುವಿನ ಚುಚ್ಚುಮದ್ದು ಕೊನೆಯ ಸಲ ಯಾವಾಗ ಆಯಿತು? 'ಕೊನೇ ಮಗ ಹೊಟ್ಟೆಯಲ್ಲಿದ್ದಾಗ' ಎನ್ನುತ್ತಾರೆ. ಆ ಮಗನಿಗೆ ಈಗ 40 ವರ್ಷ.

ಈ ರೋಗದ ಬೀಜಾಣುಗಳು ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ತುಕ್ಕು ಮೊಳೆಯೇ ಬೇಕಿಲ್ಲ, ಗುಲಾಬಿ ಮುಳ್ಳು ಸಾಕು. ಮುಳ್ಳಿನ ಗಾಯ ಕಿರಿದಾದರೂ ಆಳ. ಗಾಳಿಯಾಡದ ಅಲ್ಲಿಯೇ ರೋಗಾಣು ಬೆಳೆದು ವಿಷ ಬಿಡುತ್ತದೆ. ಸಾಮಾನ್ಯವಾಗಿ 3ರಿಂದ 21 ದಿನಗಳಲ್ಲಿ ದವಡೆ ಬಿಗಿಯತೊಡಗುತ್ತದೆ. ಆಗ ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಮಣ್ಣು ಸೇರಿದ ಗಾಯವಾಗಿ, ಕೊನೆಯ ಲಸಿಕೆಗೆ 5 ವರ್ಷ ದಾಟಿದ್ದರೆ ಕೂಡಲೇ ವೈದ್ಯರನ್ನು ಕಾಣಿರಿ. ಗಾಯವಾಗದಿದ್ದರೂ 10 ವರ್ಷಕ್ಕೊಮ್ಮೆ ಲಸಿಕೆ ಬೇಕು; ಹಿಂದಿನ ಟಿ.ಟಿ. ಬದಲು ಈಗ ಟಿ.ಡಿ. ಕೊಡುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಮುಳ್ಳು ಹೊಕ್ಕಿದ್ದೇ ತಿಳಿಯದಿರಬಹುದು. ಅವರು ಚಪ್ಪಲಿ ಮೆಟ್ಟಿಯೇ ತೋಟಕ್ಕಿಳಿಯಲಿ, ಸಂಜೆ ಅಂಗಾಲು ನೋಡಿಕೊಳ್ಳಲಿ.

ಅಜ್ಜಂದಿರ ವಿಷಯ ಬೇರೆ. ಅನೇಕರಿಗೆ ಆ ಬಸಿರಿನ ಚುಚ್ಚುಮದ್ದೂ ಆಗಿರುವುದಿಲ್ಲವಲ್ಲ! ಅವರಿಗೆ ಮೊದಲಿನಿಂದ ಎಲ್ಲ ಕಂತುಗಳನ್ನೂ ಕೊಡಬೇಕಾಗುತ್ತದೆ.